ಯಂತ್ರ ಪಾಸು ಮಾಡಿದ ಮಗು

ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ವಿಭಾಗಕ್ಕೆ ಬೆನ್ನು ತಾಗಿಸಿಕೊಂಡು, ಕಿವಿ ಪರೀಕ್ಷೆಯ ವಿಭಾಗವಿತ್ತು. ಸದ್ದುಗದ್ದಲ ಇರಬಾರದೆಂದು ಕಟ್ಟಿದವರು ಅದನ್ನು ಕೆಳಗೆ ಇಟ್ಟಿದ್ದರು. ಆಮೇಲೆ ಬಂದ ಇನ್ಯಾರೋ ಪಕ್ಕದಲ್ಲೇ ಒಗೆಯುವ ಯಂತ್ರಗಳನ್ನು ತಂದು ಕೂರಿಸಿದ್ದರು. ಹಾಗಾಗಿ ಪರೀಕ್ಷೆಯ ಕೋಣೆಗೆ ದಪ್ಪ ಗೋಡೆ, ಒಂದರ ಹಿಂದೆ ಒಂದು ಎರಡು ಬಾಗಿಲು, ಒಳಗೆಲ್ಲ ಸ್ಪಂಜಿನ ಹೊದಿಕೆ. ಬಾಗಿಲು ಹಾಕಿಕೊಂಡರೆ ತಾನು ಎಂಜಲು ನುಂಗಿದ್ದೂ ತನಗೆ ಕೇಳಿಸುವಂಥ ಮೌನ.

ಓದು ಮುಗಿಸಿ ತರಬೇತಿಗೆಂದು ಅಲ್ಲಿಗೆ ಬಂದ ಹುಡುಗಿಗೆ ಆ ಕೋಣೆ ಮೊದಮೊದಲು ಇಷ್ಟವೇ ಆಗಿತ್ತು. ಅಲ್ಲಿ ಯಾರೂ ಮಾತಾಡಬೇಕಿರಲಿಲ್ಲ. ಗಾಜಿನ ಆಚೆ ಕೂತವರು ಸದ್ದು ಕೇಳಿಸಿದಾಗ ಗುಂಡಿ ಒತ್ತುತ್ತಿದ್ದರು, ಈಚೆ ಕೂತ ಅವಳು ನಕ್ಷೆಯ ಹಾಳೆಯಲ್ಲಿ ಚುಕ್ಕೆ ಇಡುತ್ತಿದ್ದಳು. ಜೊತೆಗೆ ಓದಿದವರೆಲ್ಲ ಬೇರೆ ಬೇರೆ ಊರಿನ ಆಸ್ಪತ್ರೆಗಳಿಗೆ ಹಂಚಿಹೋಗಿದ್ದರು. ಈ ಆಸ್ಪತ್ರೆಗೆ ಟ್ರೈನಿ ಅಂತ ಬಂದವಳು ಇವಳೊಬ್ಬಳೇ.

ವಿಭಾಗದಲ್ಲಿ ಅವಳನ್ನು ತಾನಾಗಿ ಮಾತಾಡಿಸುತ್ತಿದ್ದವನು ಒಬ್ಬನೇ. ಮಕ್ಕಳ ಕಿವಿ ಪರೀಕ್ಷೆ ಮಾಡುತ್ತ ಮಾಡುತ್ತ ತಲೆ ನರೆತುಹೋದ ಅವನಿಗೆ ಎಲ್ಲರೂ ರೇಡಿಯೋ ಎನ್ನುತ್ತಿದ್ದರು. ಬೆಳಿಗ್ಗೆ ಒಳಗೆ ಕಾಲಿಟ್ಟಾಗ ಶುರುವಾದರೆ ಸಂಜೆ ಚೀಲ ಹೆಗಲಿಗೇರಿಸುವವರೆಗೂ ಅವನ ಬಾಯಿ ನಿಲ್ಲುತ್ತಿರಲಿಲ್ಲ. ಅಳುವ ಮಗು ಅವನ ಮಾತು ಕೇಳಿಯೇ ಸುಮ್ಮನಾಗುತ್ತಿತ್ತು. ಮಧ್ಯಾಹ್ನ ಅವಳು ಮೂಲೆಯ ಮೇಜಿನಲ್ಲಿ ಡಬ್ಬಿ ಬಿಚ್ಚಿದರೆ ಅವನು ಕುರ್ಚಿ ಎಳೆದುಕೊಂಡು ಎದುರಿಗೆ ಬರುತ್ತಿದ್ದ.

"ನಾನು ರೇಡಿಯೋ, ನೀನು ಸೈಲೆಂಟು. ಇಬ್ಬರನ್ನೂ ಒಂದೇ ಅಂಗಡೀಲಿ ಇಟ್ಟಿದಾರೆ ನೋಡು ತಂಗಿ," ಅನ್ನುತ್ತಿದ್ದ. ಆಮೇಲೆ ತನ್ನ ಭಾಮೈದ ಹಳೇ ಸ್ಕೂಟರ್ ಕೊಂಡು ಬೀದಿ ಪೂರ್ತಿ ತಳ್ಳಿಕೊಂಡು ಬಂದದ್ದು, ಹೆಂಡತಿ ಅವನಿಗೆ ಬೈಯುವ ನೆಪದಲ್ಲಿ ತನಗೆ ಬೈದದ್ದು, ಹೀಗೆ. ಅವಳು ನಗುತ್ತಿದ್ದಳು, "ಆಮೇಲೆ ಅಣ್ಣ?" ಅನ್ನುತ್ತಿದ್ದಳು. ದಿನಕ್ಕೆ ಅವಳು ಆಡುತ್ತಿದ್ದ ಮಾತಿನಲ್ಲಿ ಅರ್ಧ ಆ "ಆಮೇಲೆ ಅಣ್ಣ"ಗಳೇ.

ವಿಭಾಗದ ಮುಖ್ಯಸ್ಥೆಯನ್ನು ಎಲ್ಲರೂ ದೊಡ್ಡ ಮೇಡಂ ಎನ್ನುತ್ತಿದ್ದರು. ಎತ್ತರದ ಹೆಂಗಸು, ಮಾತು ಕಡಿಮೆ, ಕನ್ನಡಕದ ಮೇಲಿಂದ ನೋಡುವ ಅಭ್ಯಾಸ. ಹುಡುಗಿಯ ತರಬೇತಿಯ ಹೊಣೆ ಅವರದ್ದು. ಮೊದಲ ವಾರವೇ ಅವರು ಹೇಳಿದ್ದರು: "ವಾರಕ್ಕೊಂದು ಪುಟ ಬರೀಬೇಕು. ಏನಾಯ್ತು, ಆಗ ನಿನಗೇನನ್ನಿಸ್ತು, ಇನ್ನೊಂದ್ಸಲ ಹಾಗೇ ಆದ್ರೆ ಏನ್ ಮಾಡ್ತೀಯ. ಯಂತ್ರ ಹಿಡಿಯೋದನ್ನ ಯಾರು ಬೇಕಾದ್ರೂ ಕಲೀತಾರೆ. ಇದು ಕಲಿಯೋದು ಕಷ್ಟ."

ಅವಳು ಬರೆದಳು. "ಇಂದು ನಾಲ್ಕು ವರ್ಷದ ಮಗುವಿನ ಪರೀಕ್ಷೆ ಮಾಡಲಾಯಿತು. ಫಲಿತಾಂಶ ಸಮಾಧಾನಕರವಾಗಿ ಬಂದಿತು. ಮುಂದೆ ಇನ್ನೂ ಚೆನ್ನಾಗಿ ಮಾಡಲಾಗುವುದು."

ದೊಡ್ಡ ಮೇಡಂ ಓದಿ ಕನ್ನಡಕದ ಮೇಲಿಂದ ನೋಡಿದರು. "ಮಾಡಲಾಯಿತು, ಮಾಡಲಾಗುವುದು. ಯಾರು ಮಾಡಿದ್ದು? ದೆವ್ವ ಬಂದು ಮಾಡ್ತಾ?"

ಮುಂದಿನ ವಾರ "ನಾನು" ಎಂದು ಸೇರಿಸಿ ಬರೆದಳು. ಅವರು ಅದನ್ನೂ ವಾಪಸು ಕೊಟ್ಟರು. "ಇದರಲ್ಲಿ ಯಂತ್ರ ಇದೆ, ಮಗು ಇದೆ. ನೀನೆಲ್ಲಿ ಕೂತಿದ್ದೆ?"

ಅವಳಿಗೆ ಒಳಗೊಳಗೇ ಸಿಟ್ಟು ಬಂತು. ಅವಳು ಬೆಳೆದ ಮನೆಯಲ್ಲಿ "ನಿನಗೇನನ್ನಿಸುತ್ತೆ" ಎಂದು ಯಾರೂ ಯಾರನ್ನೂ ಕೇಳಿದವರಲ್ಲ. ಅಮ್ಮ ಬೇಗ ತೀರಿಕೊಂಡಿದ್ದಳು. ಅಪ್ಪ ಲಾರಿ ಓಡಿಸುತ್ತಿದ್ದ, ಮನೆಗೆ ಬಂದಾಗ ನಿದ್ದೆ ಮಾಡುತ್ತಿದ್ದ. ಅವಳನ್ನು ಸಾಕಿದವಳು ಅಕ್ಕ. ಅಕ್ಕ ಕೇಳುತ್ತಿದ್ದುದು "ಉಂಡ್ಯಾ?" ಎಂದು, ಇಲ್ಲವೇ ಹಣೆ ಮುಟ್ಟಿ "ಜ್ವರ ಇದೆಯಾ?" ಎಂದು. ಅಷ್ಟರಲ್ಲೇ ಪ್ರೀತಿಯೆಲ್ಲ ಮುಗಿಯುತ್ತಿತ್ತು, ಮತ್ತು ಸಾಕಾಗುತ್ತಿತ್ತು. ಈಗ ಪರಿಚಯವೇ ಇಲ್ಲದ ಹೆಂಗಸೊಬ್ಬಳಿಗೆ ಮನಸ್ಸು ಬಿಚ್ಚಿ ಬರೆದುಕೊಡು ಅಂದರೆ ಎಲ್ಲಿಂದ ತರುವುದು?

ಹೀಗಿರುವಾಗ ಒಂದು ಶುಕ್ರವಾರ ಹೊಲಿಗೆಯ ಹೆಂಗಸೊಬ್ಬಳು ತನ್ನ ಮಗುವನ್ನು ಎತ್ತಿಕೊಂಡು ಬಂದಳು.

ಅವಳು ಮನೆಯಲ್ಲೇ ಶಾಲೆಯ ಸಮವಸ್ತ್ರ ಹೊಲಿಯುವವಳು. ತೋಳಿಗೆ, ಕೂದಲಿಗೆ ನೀಲಿ ದಾರದ ತುಂಡುಗಳು ಅಂಟಿಕೊಂಡಿದ್ದವು. ಇನ್ನೂ ವರ್ಷ ತುಂಬದ ಮಗು ದುಂಡುದುಂಡಾಗಿತ್ತು. ಮನೆಯಲ್ಲಿ ಗುಂಡ ಎಂದೇ ಕರೆಯುತ್ತಿದ್ದರು.

"ಪಕ್ಕದಲ್ಲೇ ಮಿಷಿನ್ ಓಡಿಸ್ತೀನಿ, ಏಳಲ್ಲ. ಮಿಕ್ಸಿ ಹಾಕಿದ್ರೂ ಏಳಲ್ಲ," ಅಂದಳು ತಾಯಿ. "ಹಿಂದಿನಿಂದ ಕರೆದ್ರೆ ತಿರುಗಿ ನೋಡಲ್ಲ. ನನಗೆ ಯಾಕೋ ಭಯ ಆಗುತ್ತೆ."

"ಅಯ್ಯೋ ತಾಯಿ, ಹೊಟ್ಟೇಲಿದ್ದಾಗ್ಲಿಂದ ಮಿಷಿನ್ ಸದ್ದು ಕೇಳ್ಕೊಂಡು ಬಂದೋನು, ಅವನಿಗೆ ಅದೇ ಜೋಗುಳ," ಅಂದ ರೇಡಿಯೋ. "ನಿಲ್ಲಿಸಿ ನೋಡಿ, ಆಗ ಎದ್ದು ಕೂರ್ತಾನೆ."

ಅವನು ಮಗುವಿನ ಕಿವಿಗೆ ಯಂತ್ರದ ತಂತಿಯ ತುದಿಯಲ್ಲಿದ್ದ ರಬ್ಬರಿನ ಪುಟ್ಟ ಬಿರಡೆ ಇಟ್ಟ. ಆ ಯಂತ್ರ ಕಿವಿಯೊಳಕ್ಕೆ ಸಣ್ಣ ಟಿಕ್ ಟಿಕ್ ಸದ್ದು ಕಳಿಸುತ್ತದೆ. ಒಳಕಿವಿ ಚೆನ್ನಾಗಿದ್ದರೆ ಅಲ್ಲಿಂದ ಒಂದು ಕ್ಷೀಣ ಮಾರ್ದನಿ ಹೊರಗೆ ಬರುತ್ತದೆ. ಅದು ಸಿಕ್ಕಿದರೆ ಹಸಿರು ಅಕ್ಷರದಲ್ಲಿ ಪಾಸ್ ಎಂದು ತೋರಿಸುತ್ತದೆ. ಎಡಗಿವಿ ಪಾಸ್. ಬಲಗಿವಿಯೂ ಪಾಸ್.

"ಹುಟ್ಟಿದಾಗಲೂ ಪಾಸು, ಇವತ್ತೂ ಪಾಸು. ನಾನು ಶಾಲೇಲಿ ಇಷ್ಟು ಸಲೀಸಾಗಿ ಪಾಸಾಗಿದ್ರೆ ಎಲ್ಲೋ ಇರ್ತಿದ್ದೆ," ಎಂದು ರೇಡಿಯೋ ನಕ್ಕು, ಸಾಮಾನು ಎತ್ತಿಡಲು ಬಗ್ಗಿದ. ಆಗ ಮೇಜಿನ ಅಂಚಿನಲ್ಲಿದ್ದ ಸ್ಟೀಲ್ ತಟ್ಟೆ ಅವನ ಮೊಣಕೈ ತಾಗಿ, ಮಗುವಿನ ಬೆನ್ನ ಹಿಂದೆ ನೆಲಕ್ಕೆ ಬಿತ್ತು.

ಹುಡುಗಿ ಬೆಚ್ಚಿದಳು. ತಾಯಿ ಬೆಚ್ಚಿ ಅತ್ತ ನೋಡಿದಳು. ಮಗು ತಾಯಿಯ ಮುಖವನ್ನೇ ನೋಡುತ್ತಿತ್ತು. ಅವಳ ಕಣ್ಣು ಅತ್ತ ಹೊರಳಿದ ಮೇಲೆ, ಅವಳು ಏನು ನೋಡುತ್ತಿದ್ದಾಳೆ ಎಂಬಂತೆ ತಾನೂ ನಿಧಾನವಾಗಿ ಅತ್ತ ತಿರುಗಿತು. ಮಗು ತಿರುಗಿದ್ದು ಸದ್ದಿಗಲ್ಲ, ಅಮ್ಮನ ಕಣ್ಣಿಗೆ. ಹುಡುಗಿ ಇದನ್ನು ಸ್ಪಷ್ಟವಾಗಿ ಕಂಡಳು. ನೆಲದಿಂದ ತಟ್ಟೆ ಎತ್ತುತ್ತಿದ್ದ ರೇಡಿಯೋ ಕಾಣಲಿಲ್ಲ.

ಅವನು ಮುಂದಿನವರನ್ನು ಕರೆಯಲು ಬಾಗಿಲಿಗೆ ಹೋದ. ತಾಯಿ ಮಗುವಿಗೆ ಟೋಪಿ ಹಾಕುತ್ತ ತನ್ನಷ್ಟಕ್ಕೆ ಅನ್ನುವಂತೆ ಅಂದಳು: "ಹುಟ್ಟಿದಾಗ ಮೈಯೆಲ್ಲ ಅರಿಶಿನದ ಹಾಗೆ ಹಳದಿ ಆಗಿತ್ತು. ಗಾಜಿನ ಪೆಟ್ಟಿಗೇಲಿ ನೀಲಿ ದೀಪದ ಕೆಳಗೆ ಮಲಗಿಸಿದ್ರು. ಕೊನೆಗೆ ರಕ್ತಾನೂ ಬದಲಾಯಿಸಿದ್ರು. ಆಗ್ಲೂ ಎಲ್ಲ ಸರಿ ಇದೆ ಅಂತಾನೇ ಅಂದಿದ್ರು." ಆಮೇಲೆ ನೇರವಾಗಿ ಹುಡುಗಿಯನ್ನು ನೋಡಿದಳು. "ನಿಮಗೂ ಸರಿ ಇದೆ ಅಂತಾನೇ ಅನ್ಸುತ್ತಾ ಡಾಕ್ಟ್ರೇ?"

"ನಾನು ಡಾಕ್ಟ್ರಲ್ಲ," ಅಂದಳು ಹುಡುಗಿ. ಆಮೇಲೆ ಅಂದಳು, "ಯಂತ್ರ ಸರಿ ಅಂತ ತೋರಿಸ್ತಿದೆಯಲ್ಲ."

ತಾಯಿ ಇನ್ನೊಂದು ಗಳಿಗೆ ಅವಳ ಮುಖ ನೋಡಿ, ಮಗುವನ್ನು ಹೆಗಲಿಗೆ ಹಾಕಿಕೊಂಡು ಹೊರಟುಹೋದಳು.

ಹುಡುಗಿಯ ಬಾಡಿಗೆ ಕೋಣೆ ಮೂರನೇ ಮಹಡಿಯಲ್ಲಿತ್ತು. ಕಿಟಕಿ ತೆರೆದರೆ ಎದುರು ಕಟ್ಟಡದ ನೀರಿನ ತೊಟ್ಟಿಗಳು. ವಾರದ ರಜೆ ಬಂತೆಂದರೆ ಬಟ್ಟೆ ಒಗೆದು, ಒಣಗಿಸಿ, ಮಡಚಿ, ಆಮೇಲೆ ಏನು ಮಾಡುವುದೆಂದು ತಿಳಿಯದೆ ಮಡಚಿದ್ದನ್ನೇ ಮತ್ತೆ ಮಡಚುತ್ತಿದ್ದಳು. ಆ ಭಾನುವಾರ ಬೆಳಿಗ್ಗೆ ಕೆಳಗಿನ ಅಂಗಡಿಗೆ ಹೋಗಿ ಬ್ರೆಡ್ ಕೇಳಿದಾಗ ಗಂಟಲಿನಿಂದ ಸ್ವರವೇ ಹೊರಡಲಿಲ್ಲ. ಅಂಗಡಿಯವನು "ಏನಮ್ಮ?" ಅಂದ. ಕೆಮ್ಮಿ ಮತ್ತೆ ಹೇಳಿದಳು. ಶುಕ್ರವಾರ ಸಂಜೆಯಿಂದ ತಾನು ಬಾಯಿ ತೆರೆದದ್ದು ಅದೇ ಮೊದಲು ಎಂದು ಮೆಟ್ಟಿಲು ಹತ್ತುವಾಗ ಹೊಳೆಯಿತು.

ಅಕ್ಕನಿಗೆ ಫೋನ್ ಮಾಡಿದಳು. ಅಕ್ಕನಿಗೆ ಅವಳಿಜವಳಿ ಹುಟ್ಟಿ ಕೆಲವೇ ತಿಂಗಳಾಗಿತ್ತು. ಹಿನ್ನೆಲೆಯಲ್ಲಿ ಒಂದು ಅಳುತ್ತಿತ್ತು, ಇನ್ನೊಂದು ಅದಕ್ಕೆ ಶ್ರುತಿ ಹಿಡಿದಿತ್ತು.

"ಅಕ್ಕ, ನಿನ್ನ ಮಕ್ಕಳು ಸದ್ದಿಗೆ ತಿರುಗ್ತಾವಾ?"

"ತಿರುಗೋದಾ? ಸೂಜಿ ಬಿದ್ರೆ ಎದ್ದು ಕೂರ್ತಾವೆ ಕಣೇ, ನನ್ನ ಪ್ರಾಣ ತಿನ್ನೋಕೆ. ಯಾಕೆ?"

"ಇಲ್ಲ, ಒಂದು ಮಗು ಬಂದಿತ್ತು..."

"ತಡಿ ತಡಿ, ನಿನ್ನ ಭಾವ ಹಾಲು ಉಕ್ಕಿಸಿದ್ರು. ಉಂಡ್ಯಾ ನೀನು? ಆಮೇಲೆ ಮಾಡ್ತೀನಿ." ಫೋನ್ ಕಟ್ಟಾಯಿತು. ಅಕ್ಕ ಆಮೇಲೆ ಮಾಡಲಿಲ್ಲ. ಮಾಡಲು ಆಗುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು. ಆದರೂ ಮಧ್ಯಾಹ್ನದವರೆಗೆ ಫೋನನ್ನು ಕೈಗೆಟುಕುವಂತೆ ಇಟ್ಟುಕೊಂಡಿದ್ದಳು.

ಹಳೆಯ ಪಾಠಪುಸ್ತಕ ತೆರೆದಳು. ಅವಳು ಹುಡುಕುತ್ತಿದ್ದುದು ಪರೀಕ್ಷೆಗೆ ಬರುವುದಿಲ್ಲವೆಂದು ಬಿಟ್ಟಿದ್ದ ಭಾಗದಲ್ಲಿತ್ತು. ಕೆಲವು ಮಕ್ಕಳ ಒಳಕಿವಿ ಸರಿಯಾಗಿಯೇ ಕೆಲಸ ಮಾಡುತ್ತದೆ, ಮಾರ್ದನಿ ಬರುತ್ತದೆ, ಯಂತ್ರ ಪಾಸು ಮಾಡುತ್ತದೆ. ಆದರೆ ಕಿವಿಯಿಂದ ಮಿದುಳಿಗೆ ಸದ್ದನ್ನು ಒಯ್ಯಬೇಕಾದ ನರ ಅದನ್ನು ಒಯ್ಯುವುದಿಲ್ಲ. ಹುಟ್ಟಿದಾಗ ಕಾಮಾಲೆ ವಿಪರೀತ ಏರಿದ ಮಕ್ಕಳಲ್ಲಿ ಹೀಗಾಗುವ ಸಂಭವ ಹೆಚ್ಚು. ಅದನ್ನು ಹಿಡಿಯಲು ಬೇರೆಯೇ ಪರೀಕ್ಷೆ ಬೇಕು: ತಲೆಗೆ ತಂತಿ ಅಂಟಿಸಿ, ಸದ್ದು ಮಿದುಳಿನ ದಾರಿ ಹಿಡಿದಿದೆಯೇ ಎಂದು ನೋಡುವ ಪರೀಕ್ಷೆ.

ಅವಳು ಆ ಸಾಲುಗಳನ್ನು ಇನ್ನೊಮ್ಮೆ ಓದಿದಳು. ಯಾರಿಗಾದರೂ ಹೇಳಬೇಕೆನಿಸಿತು. ಹೇಳಲು ಯಾರೂ ಇರಲಿಲ್ಲ. ಆ ವಾರದ ಪುಟ ಇನ್ನೂ ಖಾಲಿ ಇತ್ತು, ಅದನ್ನೇ ಎಳೆದುಕೊಂಡಳು. ಈ ಸಲ ಮಾಡಲಾಯಿತು ಎಂದು ಬರೆಯಲಿಲ್ಲ.

"ಮಗು ಸದ್ದಿಗೆ ತಿರುಗಲಿಲ್ಲ. ನಾನು ನೋಡಿದೆ. ತಾಯಿ ಕಾಮಾಲೆಯ ವಿಷಯ ಹೇಳಿದಳು, ನಾನು ಕೇಳಿಸಿಕೊಂಡೆ. ಅವಳು ನನ್ನನ್ನೇ ಕೇಳಿದಾಗ ಯಂತ್ರದ ಹಿಂದೆ ಅಡಗಿಕೊಂಡೆ. ಅಣ್ಣ ನಕ್ಕುಬಿಟ್ಟರೆ ಎಂದು ಹೆದರಿದೆ. ಮಧ್ಯಾಹ್ನ ಅವರು ನನ್ನ ಜೊತೆ ಊಟಕ್ಕೆ ಕೂರದಿದ್ದರೆ ಎಂದೂ ಹೆದರಿದೆ. ಇಲ್ಲಿ ನನಗೆ ಬೇರೆ ಯಾರೂ ಇಲ್ಲ." ಕೊನೆಯ ವಾಕ್ಯ ಹೊಡೆದುಹಾಕೋಣವೆಂದು ಪೆನ್ನು ಎತ್ತಿದಳು. ಹಾಗೇ ಬಿಟ್ಟಳು.

ಸೋಮವಾರ ದೊಡ್ಡ ಮೇಡಂ ಅದನ್ನು ನಿಂತಲ್ಲೇ ಓದಿದರು. ಆಮೇಲೆ ಕೂತು ಇನ್ನೊಮ್ಮೆ ಓದಿದರು. ಅವಳು ಬೈಗುಳಕ್ಕೆ ಸಿದ್ಧವಾಗಿದ್ದಳು. ಹೊಗಳಿಕೆಯ ಆಸೆಯೂ ಒಂದು ಮೂಲೆಯಲ್ಲಿತ್ತು.

"ಈಗ ನೀನು ಕಾಣಿಸ್ತಿದ್ದೀಯ," ಅಂದರು ಮೇಡಂ. "ಸರಿ. ಈಗೇನು ಮಾಡ್ತೀಯ?"

"ನಿಮಗೆ ಹೇಳಿದೀನಲ್ಲ ಮೇಡಂ."

"ಬರೆದು ನನ್ನ ಕೈಗಿಟ್ರೆ ಆ ಮಗುಗೆ ಕಿವಿ ಕೇಳಿಸಿಬಿಡುತ್ತಾ?"

ಇಲ್ಲವೆಂದು ಅವಳು ತಲೆಯಾಡಿಸಿದಳು.

"ತಾಯಿಗೆ ಫೋನ್ ಮಾಡಿ ಕರೆಸು. ಪರೀಕ್ಷೆ ನೀನೇ ಮಾಡು, ನಾನು ಪಕ್ಕದಲ್ಲಿರ್ತೀನಿ. ಅದಕ್ಕೆ ಮುಂಚೆ ಅವನಿಗೆ ಹೇಳು. ನಾನು ಹೇಳಿದ್ರೆ ಅದು ಮೇಲಿನಿಂದ ಬಂದ ಮಾತಾಗುತ್ತೆ. ನೋಡಿದವಳು ನೀನು."

ರೇಡಿಯೋ ಆಗ ಹತ್ತಿಯಿಂದ ರಬ್ಬರ್ ಬಿರಡೆಗಳನ್ನು ಒರೆಸುತ್ತ ಏನೋ ಗುನುಗುತ್ತಿದ್ದ. ಅವಳು ಎದುರಿಗೆ ಹೋಗಿ ನಿಂತಳು.

"ಅಣ್ಣ, ಶುಕ್ರವಾರ ಬಂದಿತ್ತಲ್ಲ, ಗುಂಡ. ಆ ಮಗುಗೆ ಇನ್ನೊಂದು ಪರೀಕ್ಷೆ ಮಾಡ್ಬೇಕು ಅನ್ಸುತ್ತೆ. ತಲೆಗೆ ತಂತಿ ಹಾಕಿ ಮಾಡೋದು."

"ಯಾಕೆ? ಪಾಸಾಗಿದಾನಲ್ಲ."

"ತಟ್ಟೆ ಬಿದ್ದಾಗ ತಿರುಗಲಿಲ್ಲ ಅಣ್ಣ. ಅಮ್ಮ ತಿರುಗಿದ ಮೇಲೆ ತಿರುಗಿದ. ಹುಟ್ಟಿದಾಗ ಕಾಮಾಲೆ ಜಾಸ್ತಿ ಆಗಿ ರಕ್ತ ಬದಲಾಯಿಸಿದ್ರಂತೆ. ನೀವು ಬಾಗಿಲ ಹತ್ರ ಇದ್ರಿ, ಆಗ ಹೇಳಿದ್ರು."

ರೇಡಿಯೋನ ಕೈ ನಿಂತಿತು. ಅವನಿಗೆ ವಿಷಯ ತಕ್ಷಣ ಅರ್ಥವಾಯಿತು ಎಂದು ಅವನ ಮುಖವೇ ಹೇಳುತ್ತಿತ್ತು. ಆದರೆ ಅವನು ಕೇಳಿದ್ದು ಬೇರೆ.

"ಮೇಡಮ್‌ಗೆ ಹೇಳಿದೀಯಾ?"

"ಹ್ಞೂಂ. ಬರೆದುಕೊಟ್ಟೆ."

"ನನಗಿಂತ ಮುಂಚೆ?"

"ಹೌದು ಅಣ್ಣ," ಅಂದಳು.

"ಆವತ್ತೇ, ಆ ಕೋಣೇಲೇ ಒಂದು ಮಾತು ಅಂದಿದ್ರೆ ಆಗ್ತಿತ್ತಲ್ಲ ತಂಗಿ," ಅಂದ ರೇಡಿಯೋ. ದನಿ ಏರಿಸಲಿಲ್ಲ. "ನನ್ನ ಬಾಯಿ ದೊಡ್ಡದು, ಕಿವಿ ಏನೂ ಸಣ್ಣದಲ್ಲ." ಬಿರಡೆಗಳನ್ನು ಡಬ್ಬದಲ್ಲಿ ಒಂದೊಂದಾಗಿ ಇಟ್ಟು ಮುಚ್ಚಳ ಹಾಕಿ ಹೊರಗೆ ಹೋದ. ಆ ಮಧ್ಯಾಹ್ನ ಅವನು ಮೇಲಿನ ಕ್ಯಾಂಟೀನಿನಲ್ಲಿ ಊಟ ಮಾಡಿದ.

ಫೋನಿನಲ್ಲಿ ತಾಯಿಯ ದನಿ ಮೊದಲು ತಣ್ಣಗಿತ್ತು. "ಸರಿ ಇದೆ ಅಂದ್ರಲ್ಲ?" ಅಂದಳು. ಇನ್ನೊಂದು ಪರೀಕ್ಷೆ ಆಗಬೇಕು, ನಮ್ಮ ಕಡೆಯಿಂದಲೇ ಬಾಕಿ ಉಳಿದಿದೆ ಎಂದು ಇವಳು ತಡವರಿಸಿದಳು. ಆ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು. "ಯಾವಾಗ ಬರಲಿ?"

ಮಗು ನಿದ್ದೆಯಲ್ಲಿದ್ದರೇ ಆ ಪರೀಕ್ಷೆ. ತಾಯಿ ಹಾಲು ಕುಡಿಸಿ ಮಲಗಿಸಿದಳು. ಹುಡುಗಿ ಹಣೆಯ ಮೇಲೆ, ಎರಡೂ ಕಿವಿಗಳ ಹಿಂದೆ ಚರ್ಮ ಒರೆಸಿ ತಂತಿ ಅಂಟಿಸಿದಳು. ಮಗುವಿನ ನೆತ್ತಿ ಉಸಿರಿನೊಂದಿಗೆ ಸಣ್ಣಗೆ ಏರಿ ಇಳಿಯುತ್ತಿತ್ತು. ಸದ್ದು ಬಿಟ್ಟಳು. ಕೇಳುವ ಮಗುವಾದರೆ ಪರದೆಯ ಮೇಲೆ ಸಾಲಾಗಿ ಅಲೆಗಳು ಏಳಬೇಕು. ಆರಂಭದಲ್ಲಿ, ಕಿವಿಯೊಳಗಿನದ್ದೊಂದು ಸಣ್ಣ ನಡುಕ ಬಂತು. ಅದರ ಆಚೆ ಏನೂ ಇಲ್ಲ. ಸದ್ದು ಏರಿಸಿದಳು. ಇನ್ನೂ ಏರಿಸಿದಳು. ಗೆರೆ ಸಮತಟ್ಟಾಗಿ ಹರಿದುಹೋಯಿತು. ತಂತಿ ಸಡಿಲವಿರಬಹುದೆಂದು ತೆಗೆದು ಅಂಟಿಸಿ ಮತ್ತೆ ಮಾಡಿದಳು. ಪಕ್ಕದಲ್ಲಿ ನಿಂತಿದ್ದ ದೊಡ್ಡ ಮೇಡಂ ಒಮ್ಮೆ ಬಗ್ಗಿ ತಂತಿಗಳನ್ನು ತಾವೇ ಮುಟ್ಟಿ ನೋಡಿ, ತಲೆಯಾಡಿಸಿದರು.

ತಾಯಿಗೆ ಹೇಳುವಾಗಲೂ ಮೇಡಂ ಕುರ್ಚಿಯನ್ನು ಅವಳ ಕಡೆಗೇ ತಳ್ಳಿದರು. ಅವಳು ತಾಯಿಯ ಎದುರು ಕೂತಳು.

"ಮಗುವಿನ ಕಿವಿ ಸದ್ದನ್ನ ಹಿಡೀತಿದೆ. ಆದ್ರೆ ಅದು ಮಿದುಳಿಗೆ ಸರಿಯಾಗಿ ತಲುಪ್ತಿಲ್ಲ. ಮೊದಲು ಮಾಡಿದ ಯಂತ್ರ ಕಿವಿಯನ್ನಷ್ಟೇ ನೋಡುತ್ತೆ, ಮುಂದಿನ ದಾರೀನ ನೋಡಲ್ಲ. ಅದಕ್ಕೇ ಪಾಸ್ ಅಂತು. ನೀವು ಹೇಳಿದ್ದು ಸರಿ ಇತ್ತು."

ತಾಯಿ ಅಳಲಿಲ್ಲ. ಮಲಗಿದ ಮಗುವಿನ ಹಣೆಯಲ್ಲಿ ಅಂಟು ಉಳಿದಿದ್ದ ಜಾಗವನ್ನು ಸೆರಗಿನ ತುದಿಯಿಂದ ತಿಕ್ಕುತ್ತ ಕೂತಿದ್ದಳು. ಆಮೇಲೆ ತಲೆ ಎತ್ತಿದಳು.

"ನಿಮಗೂ ಗೊತ್ತಿತ್ತು. ಆವತ್ತು ನಿಮ್ಮ ಮುಖ ನೋಡಿದೆ ನಾನು."

ಯಂತ್ರದ ಕಡೆ ಕೈ ತೋರಿಸಬಹುದಿತ್ತು. ನಾನು ಇನ್ನೂ ಕಲಿಯುವವಳು ಅನ್ನಬಹುದಿತ್ತು. ಪಕ್ಕದಲ್ಲಿ ಮೇಡಂ ಇದ್ದರು, ಅವರ ಕಡೆ ನೋಡಬಹುದಿತ್ತು.

"ಹೌದು," ಅಂದಳು ಹುಡುಗಿ. "ಅನುಮಾನ ಬಂದಿತ್ತು. ಹೇಳೋಕೆ ಧೈರ್ಯ ಬರಲಿಲ್ಲ. ತಪ್ಪಾಯ್ತು."

"ಮನೇಲಿ ನನ್ನ ಅತ್ತೆ ನನಗೆ ಹುಚ್ಚು ಅಂತಾರೆ. ಪಾಸಾದ ಮಗೂಗೆ ಇಲ್ಲದ ರೋಗ ಹಚ್ಚೋ ತಾಯಿ ಅಂತಾರೆ. ಈ ನಾಲ್ಕು ದಿನ ಅದೇ ಕೇಳಿದೀನಿ," ಅಂದಳು ತಾಯಿ. ಮುಂದೆ ಏನು ಮಾಡಬೇಕು, ಯಾವ ದೊಡ್ಡ ಆಸ್ಪತ್ರೆಗೆ ಹೋಗಬೇಕು, ಮಾತು ಬರುತ್ತದೆಯೇ ಎಂದು ಆಮೇಲೆ ಒಂದೊಂದಾಗಿ ಕೇಳಿದಳು. ಗೊತ್ತಿದ್ದಕ್ಕೆ ಹುಡುಗಿ ಉತ್ತರ ಹೇಳಿದಳು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದಳು, ಅದಕ್ಕೆ ಮೇಡಂ ಉತ್ತರಿಸಿದರು.

ಆಮೇಲಿನ ದಿನಗಳು ಭಾರವಾಗಿದ್ದವು. ರೇಡಿಯೋ ಕೆಲಸಕ್ಕೆ ಬೇಕಾದಷ್ಟು ಮಾತಾಡುತ್ತಿದ್ದ, ಅಷ್ಟೇ. "ಆ ಫೈಲು ಕೊಡು," "ಮುಂದಿನವರನ್ನ ಕರಿ." ತಂಗಿ ಎಂಬ ಮಾತು ಬಿಟ್ಟುಹೋಗಿತ್ತು. ಮಕ್ಕಳ ಜೊತೆಗೆ ಮಾತ್ರ ಅವನು ಹಳೆಯ ರೇಡಿಯೋನೇ. ಗಾಜಿನ ಆಚೆಯಿಂದ ಅವನ ತುಟಿ ಅಲ್ಲಾಡುವುದು, ಮಗು ನಗುವುದು ಕಾಣುತ್ತಿತ್ತು, ಮಾತು ಈಚೆಗೆ ಬರುತ್ತಿರಲಿಲ್ಲ. ಮಧ್ಯಾಹ್ನ ಅವಳು ಡಬ್ಬಿ ಬಿಚ್ಚಿ, ಎದುರಿನ ಖಾಲಿ ಕುರ್ಚಿ ಕಣ್ಣಿಗೆ ಬೀಳದಂತೆ ಗೋಡೆಗೆ ಮುಖ ಮಾಡಿ ಕೂರುತ್ತಿದ್ದಳು. ಒಂದು ದಿನ ಸ್ವಾಗತದ ಮೇಜಿನ ಹುಡುಗಿ "ಏನೇ, ನಮ್ಮ ರೇಡಿಯೋನ ಆಫ್ ಮಾಡಿಬಿಟ್ಟೆಯಂತೆ" ಎಂದು ತಮಾಷೆ ಮಾಡಿದಳು. ಅವಳು ಕೈ ತೊಳೆಯುವ ಕೋಣೆಗೆ ಹೋಗಿ, ಮುಖ ತೊಳೆದು, ಕಣ್ಣು ಕೆಂಪಗಿರುವುದು ಹೋಗುವವರೆಗೆ ಕೈ ಒಣಗಿಸುವ ಯಂತ್ರದ ಕೆಳಗೆ ಕೈ ಹಿಡಿದು ನಿಂತಳು.

ಆ ವಾರದ ಪುಟದಲ್ಲಿ ರೇಡಿಯೋ ಬಗ್ಗೆ ಬರೆದಳು. ನಾನು ಮಾಡಿದ್ದು ಸರಿ, ಮಾಡಿದ ಕ್ರಮ ಸರಿಯಲ್ಲ. ಎದುರಿಗಿದ್ದವನಿಗೆ ಹೇಳದೆ ಅವನ ಮೇಲಿನವರಿಗೆ ಬರೆದುಕೊಟ್ಟೆ. ಕಾಗದದೆದುರು ಹೆದರಿಕೆಯಿಲ್ಲ, ಮುಖದೆದುರು ಇದೆ. ದೊಡ್ಡ ಮೇಡಂ ಓದಿ, "ನನ್ನದೂ ಒಂದು ತಪ್ಪಿದೆ ಇದರಲ್ಲಿ," ಅಂದರು. "ಗಾಜಿನ ಪೆಟ್ಟಿಗೇಲಿದ್ದ ಮಕ್ಕಳಿಗೆ ಎರಡೂ ಪರೀಕ್ಷೆ ಆಗ್ಬೇಕು ಅಂತ ನಾನು ಎಂದೋ ನಿಯಮ ಮಾಡ್ಬೇಕಿತ್ತು. ಮಾಡ್ಲಿಲ್ಲ. ಬುಧವಾರದ ಸಭೇಲಿ ಆ ವಿಷಯ ನೀನೇ ಎತ್ತು."

"ನಾನಾ? ಟ್ರೈನಿ ಮಾತು ಯಾರು ಕೇಳ್ತಾರೆ ಮೇಡಂ?"

"ಕೇಳ್ದೇ ಇದ್ರೆ ಅದನ್ನೂ ಒಂದು ಪುಟ ಬರಿ," ಅಂದರು ಮೇಡಂ. ಅವರು ನಕ್ಕದ್ದನ್ನು ಅವಳು ಅಲ್ಲಿಯವರೆಗೆ ನೋಡಿರಲಿಲ್ಲ.

ಸಭೆಯೆಂದರೆ ವಿಭಾಗದವರೆಲ್ಲ ಚಹಾ ಲೋಟ ಹಿಡಿದು ಮೇಡಂ ಕೋಣೆಯಲ್ಲಿ ಒತ್ತಿಕೊಂಡು ಕೂರುವುದು. ಅವಳು ಎದ್ದು ನಿಂತಳು. ಮೊದಲ ಮಾತು ಯಾರಿಗೂ ಕೇಳಿಸಲಿಲ್ಲ. "ಸ್ವಲ್ಪ ಗಟ್ಟಿಯಾಗಿ," ಅಂದರು ಯಾರೋ. ಮತ್ತೆ ಶುರು ಮಾಡಿದಳು. ಹುಟ್ಟಿದಾಗ ವಿಶೇಷ ಆರೈಕೆಯಲ್ಲಿದ್ದ ಮಕ್ಕಳಿಗೆ ಎರಡೂ ಪರೀಕ್ಷೆ ಆಗಬೇಕು, ಮತ್ತು ಯಾವ ಮಗು ಬಂದರೂ ಯಂತ್ರ ಮುಟ್ಟುವ ಮೊದಲು ಹೆತ್ತವರಿಗೆ ಏನನ್ನಿಸುತ್ತದೆ ಎಂದು ಕೇಳಬೇಕು. ಯಂತ್ರ ಪಾಸು ಅಂದು, ತಾಯಿ ಇಲ್ಲ ಅಂದರೆ, ಮಗುವನ್ನು ಮನೆಗೆ ಕಳಿಸಬಾರದು.

"ಎರಡನೇ ಪರೀಕ್ಷೆಗೆ ಮಗು ಮಲಗಬೇಕು," ಅಂದ ರೇಡಿಯೋ. ಅಷ್ಟು ಹೊತ್ತೂ ಅವನು ಲೋಟವನ್ನೇ ನೋಡುತ್ತಿದ್ದ. "ಹೊರಗೆ ಸಾಲು ನಿಂತಿರುತ್ತೆ. ಮಲಗೋವರೆಗೂ ಯಾರು ಕಾಯ್ತಾರೆ? ಯಾರು ಮಲಗಿಸ್ತಾರೆ? ಬಾಯಲ್ಲಿ ಹೇಳೋದು ಸುಲಭ."

ಮಾತಿನಲ್ಲಿ ಚುಚ್ಚು ಇತ್ತು, ಆದರೆ ಪ್ರಶ್ನೆ ಸರಿಯಾದದ್ದೇ. ಅವಳು ಅದನ್ನು ಯೋಚಿಸಿಕೊಂಡು ಬಂದಿರಲಿಲ್ಲ.

"ಅದು ನನಗೆ ಗೊತ್ತಿಲ್ಲ ಅಣ್ಣ," ಅಂದಳು. "ಮಕ್ಕಳನ್ನ ಸುಮ್ಮನಿರಿಸೋದು ನಿಮ್ಮಷ್ಟು ಇಲ್ಲಿ ಯಾರಿಗೂ ಬರಲ್ಲ. ಹೇಗೆ ಮಾಡಿದ್ರೆ ಆಗುತ್ತೆ ಅಂತ ನೀವೇ ಹೇಳ್ಬೇಕು. ನೀವು ಒಪ್ಪಿದ್ರೆ ಇದನ್ನ ನೀವೇ ನಡೆಸ್ಬೇಕು ಅಂತ ನನ್ನಾಸೆ. ನಾನು ನಿಮ್ಮ ಕೈಕೆಳಗೆ ಕೆಲಸ ಮಾಡ್ತೀನಿ."

ರೇಡಿಯೋ ಉಳಿದ ಚಹಾ ಕುಡಿದು ಮುಗಿಸಿದ.

"ಮಲಗೋ ಹೊತ್ತಿಗೆ ಬರೋಕೆ ಹೇಳ್ಬೇಕು ತಾಯಂದಿರಿಗೆ. ಬೆಳಿಗ್ಗೆ ಬನ್ನಿ ಅಂದ್ರೆ ಯಾವ ಮಗು ಮಲಗುತ್ತೆ?" ಅಂದ. "ಮಧ್ಯಾಹ್ನ ಊಟ ಆದ ಮೇಲೆ ಎರಡು ಮಕ್ಕಳು. ಅದಕ್ಕಿಂತ ಜಾಸ್ತಿ ಆಗಲ್ಲ. ನೋಡೋಣ."

ಅವನು ನೋಡೋಣ ಅಂದದ್ದು ಮುಂದಿನ ವಾರವೇ ಶುರುವಾಯಿತು. ಮಧ್ಯಾಹ್ನದ ಆ ಹೊತ್ತಿಗೆ ಕೋಣೆಯ ದೀಪ ತಗ್ಗಿಸಿ, ರೇಡಿಯೋ ತಾಯಂದಿರ ಜೊತೆ ಪಿಸುದನಿಯಲ್ಲಿ ಮಾತಾಡುತ್ತಿದ್ದ. "ನಿಮಗೇನನ್ಸುತ್ತೆ ಹೇಳಿ ತಾಯಿ, ನೀವು ದಿನಾ ನೋಡೋರು," ಎಂದು ಅವನು ಕೇಳುವುದು ತಂತಿ ಬಿಡಿಸುತ್ತ ಕೂತಿದ್ದ ಅವಳಿಗೆ ಕೇಳಿಸುತ್ತಿತ್ತು. ಅವಳ ಜೊತೆಗಿನ ಮಾತೂ ಮೊದಲಿಗಿಂತ ಸ್ವಲ್ಪ ಸಡಿಲವಾಯಿತು. ಆದರೆ ಊಟಕ್ಕೆ ಅವನು ಮತ್ತೆ ಎದುರಿಗೆ ಬರಲಿಲ್ಲ. ಅವನಿಗೆ ಈಗ ಕ್ಯಾಂಟೀನಿನಲ್ಲಿ ಬೇರೆ ಗುಂಪಾಗಿತ್ತು, ಮೆಟ್ಟಿಲ ಹತ್ತಿರ ನಿಂತರೆ ಆ ಗುಂಪಿನ ನಗು ಕೆಳಗೂ ಬರುತ್ತಿತ್ತು. ಒಮ್ಮೆ ಅವಳೂ ಡಬ್ಬಿ ಹಿಡಿದು ಮೇಲೆ ಹೋದಳು. ಬಾಗಿಲವರೆಗೆ ಹೋಗಿ, ಎಲ್ಲರ ಬೆನ್ನು ನೋಡಿ, ನೀರು ತುಂಬಿಸಿಕೊಳ್ಳಲು ಬಂದವಳಂತೆ ಬಾಟಲಿ ತುಂಬಿಸಿಕೊಂಡು ಇಳಿದುಬಂದಳು. ಎಲ್ಲವೂ ಮೊದಲಿನಂತಾಗುತ್ತದೆ ಎಂದು ಅವಳು ಬಹಳ ದಿನ ಕಾದಳು. ಆಮೇಲೆ ಕಾಯುವುದನ್ನು ಬಿಟ್ಟಳು.

ತರಬೇತಿಯ ಈ ಭಾಗ ಮುಗಿದು ಅವಳು ಬೇರೆ ಊರಿನ ಆಸ್ಪತ್ರೆಗೆ ಹೋಗುವ ವಾರ ಬಂತು. ಆಗಲೇ ಹೊಲಿಗೆಯ ಹೆಂಗಸು ಗುಂಡನನ್ನು ಎತ್ತಿಕೊಂಡು ಬಂದಳು. ದೊಡ್ಡ ಆಸ್ಪತ್ರೆಯಲ್ಲಿ ಹೆಸರು ಬರೆಸಿಕೊಂಡಿದ್ದರು, ಕಿವಿಯೊಳಗೆ ಯಂತ್ರ ಕೂರಿಸುವ ಶಸ್ತ್ರಚಿಕಿತ್ಸೆ ಆಗಬಹುದು, ಆಗದಿರಬಹುದು, ಇನ್ನೂ ಹಲವು ಪರೀಕ್ಷೆಗಳಿದ್ದವು. ಕೈಸನ್ನೆ ಕಲಿಸುವವರೊಬ್ಬರ ಹತ್ತಿರವೂ ಹೋಗುತ್ತಿದ್ದಳು. ಪರೀಕ್ಷೆಯ ವರದಿ ತೆಗೆದುಕೊಂಡು ಹೊರಟ ತಾಯಿ ಆಸ್ಪತ್ರೆ ಗೇಟಿನ ಹೊರಗಿನ ಬಸ್ ನಿಲ್ದಾಣದಲ್ಲಿ ಕೂತಿದ್ದಳು. ಔಷಧದಂಗಡಿಯಿಂದ ಬರುತ್ತಿದ್ದ ಹುಡುಗಿ ಅವಳನ್ನು ನೋಡಿ ನಿಂತಳು. ಮುಂದೆ ಹೋಗುವುದೋ ಮಾತಾಡಿಸುವುದೋ ತಿಳಿಯಲಿಲ್ಲ. ತಾಯಿ ಬೆಂಚಿನ ಮೇಲಿದ್ದ ಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ಜಾಗ ಮಾಡಿದಳು.

ಹುಡುಗಿ ಪಕ್ಕದಲ್ಲಿ ಕೂತಳು.

"ನಿಮ್ಮ ಮೇಲೆ ನನಗೆ ಇನ್ನೂ ಸಿಟ್ಟಿದೆ," ಅಂದಳು ತಾಯಿ.

"ಹ್ಞೂಂ."

"ಫೋನ್ ಮಾಡಿದ್ರಲ್ಲ, ಅದಕ್ಕೆ ಬೈಯೋಕೂ ಆಗ್ತಿಲ್ಲ." ಮಗುವಿನ ಬಾಯಿಯಿಂದ ಚೀಲದ ದಾರವನ್ನು ಬಿಡಿಸಿದಳು. "ನಿಮ್ಮೋರು ಯಾರೂ ಈ ಊರಲ್ಲಿಲ್ವಾ?"

"ಇಲ್ಲ. ನಾನು ಶನಿವಾರ ಹೊರಡ್ತೀನಿ. ಬೇರೆ ಆಸ್ಪತ್ರೆಗೆ."

"ಅಲ್ಲಿ ಇದಾರಾ?"

"ಅಲ್ಲೂ ಇಲ್ಲ."

ಗುಂಡ ಹುಡುಗಿಯ ಕತ್ತಿನಲ್ಲಿ ನೇತಾಡುತ್ತಿದ್ದ ಗುರುತಿನ ಚೀಟಿ ಹಿಡಿದು ಎಳೆಯುತ್ತಿದ್ದ. ಅವಳು ಅದನ್ನು ಕತ್ತಿನಿಂದ ತೆಗೆದು ಅವನ ಕೈಗೆ ಕೊಟ್ಟಳು. ಅವನು ಅದನ್ನು ಅತ್ತಿತ್ತ ತಿರುಗಿಸಿ, ಅದರಲ್ಲಿದ್ದ ಅವಳ ಚಿತ್ರ ನೋಡಿದ, ಆಮೇಲೆ ಅವಳ ಮುಖ ನೋಡಿದ, ಮತ್ತೆ ಚಿತ್ರ ನೋಡಿ ಆಗಷ್ಟೇ ಹಲ್ಲು ಮೂಡಿದ ಬಾಯಿ ತೆರೆದು ನಕ್ಕ. ತಾಯಿಗೂ ನಗು ಬಂತು. "ಎರಡೂ ಒಂದೇನಾ ಅಂತ ಪರೀಕ್ಷೆ ಮಾಡ್ತಿದಾನೆ," ಅಂದಳು.

ಬಸ್ಸು ಬಂತು. ತಾಯಿ ಚೀಟಿಯನ್ನು ಮಗುವಿನ ಮುಷ್ಟಿಯಿಂದ ಬಿಡಿಸಿ ವಾಪಸು ಕೊಟ್ಟಳು. "ಹುಷಾರಾಗಿ ಹೋಗಿ," ಎಂದಷ್ಟೇ ಹೇಳಿ ಹತ್ತಿದಳು. ಜನ ತುಂಬಿದ್ದ ಬಸ್ಸಿನಲ್ಲಿ ಅವಳ 'ಸ್ವಲ್ಪ ಜಾಗ ಬಿಡಿ' ಎಂಬ ದನಿ ಕೇಳಿಸಿತು, ಮುಖ ಮರೆಯಾಯಿತು. ಹುಡುಗಿ ಚೀಟಿಗೆ ಅಂಟಿದ್ದ ಜೊಲ್ಲನ್ನು ಕೋಟಿಗೆ ಒರೆಸಿ ಕತ್ತಿಗೆ ಹಾಕಿಕೊಂಡಳು. ಮಧ್ಯಾಹ್ನದ ಎರಡನೇ ಮಗು ಮಲಗುವ ಹೊತ್ತಾಗಿತ್ತು. ಅವಳು ಗೇಟು ದಾಟಿ ಒಳಗೆ ನಡೆದಳು.